ನಲವತ್ತೆರಡು ಬಾಯಿ ಮತ್ತು ನನ್ನದೊಂದು

ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನನ್ನ ಬಾಯಲ್ಲಿ ಮೂವತ್ತು ಹಲ್ಲುಗಳಿದ್ದವು. ಎಲ್ಲವೂ ಸ್ವಂತದವು! ಕಟ್ಟಿಸಿದ್ದಿಲ್ಲ, ತುಂಬಿಸಿದ್ದಿಲ್ಲ, ಮೇಲೆ ಟೊಪ್ಪಿಗೆ ಹಾಕಿಸಿದ್ದಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ನನ್ನ ಓರಗೆಯ ಹೆಂಗಸರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುವಾಗ ನಾನು ಕಟಕ ರೊಟ್ಟಿಯನ್ನು ಸದ್ದು ಮಾಡುತ್ತ ಮುರಿದು ತಿನ್ನುತ್ತಿದ್ದೆ. ಸದ್ದು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಮಾಡುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಮನೆಯವರು, ಶಿವಪ್ರಕಾಶ, ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರು. ಊರೂರಿಗೆ ನೀರು ಹರಿಸಿದರು, ಸ್ವಂತ ಹಲ್ಲು ಉಳಿಸಿಕೊಳ್ಳಲಿಲ್ಲ. ಅವರ ಹಲ್ಲಿನ ಸೆಟ್ಟು ಊಟ ಮುಗಿದ ಮೇಲೆ ಗಾಜಿನ ಲೋಟದಲ್ಲಿ ವಿಶ್ರಾಂತಿ ಪಡೆಯುತ್ತದೆ. ಆ ಲೋಟ ಕಣ್ಣಿಗೆ ಬಿದ್ದಾಗಲೆಲ್ಲ ಶಿಸ್ತಿನ ಮಹತ್ವ ಕುರಿತು ಎರಡು ಮಾತು ಆಡದೆ ನಾನು ಮುಂದೆ ಹೋದವಳಲ್ಲ. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ವಾದ ಮಾಡುವುದು ಕಷ್ಟ.

ನನ್ನ ಶಿಸ್ತು ಸರಳವಾದದ್ದು. ದಿನಕ್ಕೆ ನಾಲ್ಕು ಸಲ ಹಲ್ಲುಜ್ಜುವುದು. ಬೆಳಗ್ಗೆ ಎದ್ದ ಕೂಡಲೇ, ಮಧ್ಯಾಹ್ನದ ಊಟವಾದ ಮೇಲೆ, ಸಂಜೆ ನಾಲ್ಕಕ್ಕೆ, ಮಲಗುವ ಮುಂಚೆ. ಬ್ರಷ್ಷಲ್ಲ, ಬೆರಳು. ಪೇಸ್ಟಲ್ಲ, ಕರಿ ಹಲ್ಲುಪುಡಿ. ಬಾದಾಮಿ ಸಿಪ್ಪೆಯ ಇದ್ದಲು, ಲವಂಗ, ಉಪ್ಪು; ತೂಕದ ಸಮೇತ ನಾನೇ ಬರೆದುಕೊಟ್ಟ ಸೂತ್ರ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮೂವತ್ತನಾಲ್ಕು ವರ್ಷ ಪಾಠ ಮಾಡಿ, ಪ್ರಾಂಶುಪಾಲೆಯಾಗಿ ನಿವೃತ್ತಳಾದವಳಿಗೆ ಒಂದು ಹಲ್ಲುಪುಡಿಯ ಸೂತ್ರ ಬರೆಯಲು ಬರುವುದಿಲ್ಲವೆ? ಕುಟ್ಟಿ, ಹುರಿದು, ಜರಡಿ ಹಿಡಿದು ಡಬ್ಬಿ ತುಂಬುವ ಕೆಲಸ ಮಾತ್ರ ಸಾವಂತ್ರವ್ವನದು. ಆಕೆ ಹತ್ತೊಂಬತ್ತು ವರ್ಷದಿಂದ ನಮ್ಮ ಅಡುಗೆಮನೆ ಆಳುತ್ತಿರುವವಳು.

ಈ ಪುಡಿಯಿಂದ ನಾನು ಸಮಾಜವನ್ನೂ ಉದ್ಧಾರ ಮಾಡಿದ್ದೆ! ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಮಿಶ್ರಿ ಹಚ್ಚುತ್ತಾರೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರಿ ಆಗುವವರೆಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಒಸಡಿಗೆ ತಿಕ್ಕುವುದು. ಹಲ್ಲುಜ್ಜಿದಂತೆ ಕಾಣುತ್ತದೆ, ಆಗುವುದು ನಶೆ. ನಾಲ್ಕು ವರ್ಷಗಳ ಹಿಂದೆ ನಾನು ರಾಮಥಾಳದ ಸುತ್ತಿನ ಹಳ್ಳಿಗಳಿಗೆ ಹೋಗಿ, ಮಿಶ್ರಿ ಬಿಡಿ, ಅದರ ಜಾಗದಲ್ಲಿ ನನ್ನ ಪುಡಿ ಹಚ್ಚಿ ಎಂದು ಡಬ್ಬಿ ಹಂಚಿದೆ. ಅದೇ ಬಣ್ಣ, ಅದೇ ಬೆರಳು, ವಿಷ ಮಾತ್ರ ಇಲ್ಲ. ನಲವತ್ತೆರಡು ಹೆಂಗಸರು ಒಂದೇ ವಾರದಲ್ಲಿ ಮಿಶ್ರಿ ಬಿಟ್ಟರು. ಒಬ್ಬಳೂ ತಲೆನೋವೆನ್ನಲಿಲ್ಲ, ಒಬ್ಬಳೂ ಹಿಂದೆ ಹೋಗಲಿಲ್ಲ. ಜಗತ್ತಿನ ಯಾವ ವ್ಯಸನಮುಕ್ತಿ ಕೇಂದ್ರಕ್ಕೂ ದಕ್ಕದ ಯಶಸ್ಸು! ಬಾಗಲಕೋಟೆಯ ಒಂದು ವಿಚಾರಸಂಕಿರಣದಲ್ಲಿ ಈ ಕುರಿತು ಪ್ರಬಂಧ ಓದಿದೆ. ಬಾದಾಮಿಯಲ್ಲಿ ಅದನ್ನೇ ಇನ್ನೊಮ್ಮೆ ಓದಿದೆ.

ಈ ಬೇಸಿಗೆಯಲ್ಲಿ ಹುನಗುಂದದಿಂದ ಕರೆ ಬಂತು. ತಂಬಾಕು ಬಿಟ್ಟ ಹೆಂಗಸರ ಸಮಾವೇಶ, ನಾನೇ ಮುಖ್ಯ ಅತಿಥಿ, ನನ್ನಿಂದಲೇ ಪ್ರತಿಜ್ಞಾವಿಧಿ, ಜೊತೆಗೆ ಸನ್ಮಾನ. ಫೋನಿಟ್ಟು ಒಂದು ದೃಢಸಂಕಲ್ಪ ಮಾಡಿದೆ. ಬರೀ ಭಾಷಣ ಯಾರಿಗೆ ಬೇಕು? ದಂತವೈದ್ಯರಿಂದ ನನ್ನ ಬಾಯಿ ಪರೀಕ್ಷೆ ಮಾಡಿಸಿ, ಈ ಬಾಯಲ್ಲಿ ದೋಷವಿಲ್ಲ ಎಂದು ಬರೆಸಿಕೊಂಡು, ಆ ಪ್ರಮಾಣಪತ್ರವನ್ನು ವೇದಿಕೆಯ ಮೇಲೆ ಓದಿಸಬೇಕು!

ಮನೆಯವರಿಗೆ ಹೇಳಿದೆ. ನಾನು ಪ್ರಾಂಶುಪಾಲೆಯಾದ ದಿನದಿಂದ ಅವರು ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ. ಗೌರವವೋ ಬೇರೇನೋ, ಕೇಳಲು ಹೋಗಿಲ್ಲ.

"ಪ್ರಿನ್ಸಿಪಾಲರ, ಹಲ್ಲಿನ ದವಾಖಾನಿಗೆ ಹೋದವ್ರು ಯಾರೂ ಶಿಫಾರಸು ಪತ್ರ ತಗೊಂಡು ಬಂದಿಲ್ಲ" ಎಂದರು.

"ಪರೀಕ್ಷಾಕ್ಕ ಹೆದರೂದು ಓದದವ್ರು" ಎಂದೆ.

ಡಾಕ್ಟರ್ ನರ್ಗೀಸ ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿನಿ. ಇಳಕಲ್ಲಿನಲ್ಲೇ ದವಾಖಾನೆ ಇಟ್ಟಿದ್ದಾಳೆ. ಕಾಯುವ ಕೋಣೆಯಲ್ಲಿ ಒಂದು ಫಲಕ ತೂಗುಹಾಕಿದ್ದಳು. ಹಲ್ಲು ಸ್ವಚ್ಛಗೊಳಿಸುವುದು, ಹುಳುಕು ತುಂಬುವುದು, ರೂಟ್ ಕೆನಾಲ್, ಕ್ಯಾಪು, ಬ್ರಿಜ್ಜು, ಹಲ್ಲು ಕೀಳುವುದು, ಹಲ್ಲಿನ ಸೆಟ್ಟು, ಸೊಟ್ಟ ಹಲ್ಲಿಗೆ ತಂತಿ. ಎಂಟು ಪ್ರಶ್ನೆಗಳ ಪ್ರಶ್ನೆಪತ್ರಿಕೆಯ ಹಾಗಿತ್ತು. ಎದುರಿನ ಬೆಂಚಿನಲ್ಲಿ ಕೆನ್ನೆ ಹಿಡಿದು ಕುಳಿತಿದ್ದ ನಾಲ್ವರನ್ನು ನೋಡಿ, ಈ ಕೋಣೆಯಲ್ಲಿ ಒಂದಕ್ಕೂ ಉತ್ತರಿಸಬೇಕಾಗಿಲ್ಲದ ಅಭ್ಯರ್ಥಿ ನಾನೊಬ್ಬಳೇ ಎಂದುಕೊಂಡೆ.

ನರ್ಗೀಸ ಕಾಲಿಗೆ ನಮಸ್ಕಾರ ಮಾಡಿ, ಕುರ್ಚಿಯಲ್ಲಿ ಒರಗಿಸಿ, ದೀಪ ಹಚ್ಚಿ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟಳು. ಮೊದಮೊದಲು ಕಾಲೇಜಿನ ವಿಷಯ ಮಾತಾಡುತ್ತಿದ್ದಳು. ಆಮೇಲೆ ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದಳು. ಕೆಳತುಟಿಯನ್ನು ಹೊರಕ್ಕೆ ಮಡಚಿ ನೋಡಿದಳು. ಮತ್ತೆ ನೋಡಿದಳು. ನಂತರ ತುಂಬ ಮೆತ್ತಗಿನ ದನಿಯಲ್ಲಿ ಕೇಳಿದಳು:

"ಮೇಡಂ, ಮಿಶ್ರಿ ಎಷ್ಟು ವರ್ಷದಿಂದ ಹಚ್ಚತೀರಿ?"

ನಾನು ಧಡಕ್ಕನೆ ಎದ್ದು ಕುಳಿತೆ. ಹಣೆ ದೀಪಕ್ಕೆ ಬಡಿಯಿತು. ಬಾಯಿಯ ನೀರೆಳೆಯುವ ನಳಿಗೆ ಜಾರಿ ನನ್ನ ಸೆರಗನ್ನು ಕಚ್ಚಿ ಹೀರತೊಡಗಿತು. ಒಂದು ಕೈಯಲ್ಲಿ ಹಣೆ, ಇನ್ನೊಂದರಲ್ಲಿ ಸೆರಗು ಹಿಡಿದು, ನಾನು ಯಾರು, ನನ್ನ ಪ್ರಬಂಧದ ಶೀರ್ಷಿಕೆ ಏನು, ಇನ್ನು ಹನ್ನೊಂದು ದಿನಕ್ಕೆ ಹುನಗುಂದದಲ್ಲಿ ಏನು ನಡೆಯಲಿದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಕೆ ನಳಿಗೆಯನ್ನು ಬಿಡಿಸಿ, ಸೆರಗನ್ನು ಸರಿ ಮಾಡಿ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ದಿನಕ್ಕೆ ಎಷ್ಟು ಸಲ ಉಜ್ಜುತ್ತೀರಿ ಎಂದಳು. ನಾಲ್ಕು ಎಂದೆ, ಹೆಮ್ಮೆಯಿಂದ.

"ಒಂದು ಹೊತ್ತು ತಪ್ಪಿದ್ರ ಏನಾಗತೈತ್ರಿ?"

"ತಲಿ ನೋಯ್ತದ. ಕೈ ಸ್ವಲ್ಪ ನಡಗತಾವ. ಶಿಸ್ತು ತಪ್ಪಿದ್ರ ಹಂಗ."

ನರ್ಗೀಸ ಕನ್ನಡಿಯನ್ನು ತಟ್ಟೆಯಲ್ಲಿಟ್ಟಳು. "ಮೇಡಂ, ಅದು ಶಿಸ್ತಲ್ಲರಿ. ಚಟ."

ಆಮೇಲೆ ಬೆರಳುದ್ದದ ಕ್ಯಾಮೆರಾ ಬಾಯೊಳಗೆ ಬಿಟ್ಟು ಪರದೆಯ ಮೇಲೆ ತೋರಿಸಿದಳು. ಬಾದಾಮಿಯ ಗುಹೆಗಳನ್ನು ನಾನು ಹತ್ತಾರು ಸಲ ನೋಡಿದ್ದೇನೆ. ನನ್ನ ಬಾಯೊಳಗಿನವು ಶಿಲ್ಪ ಕೆತ್ತದೆ ಬಿಟ್ಟ ಗುಹೆಗಳು! ಮೇಲಿಂದ ಗಟ್ಟಿಮುಟ್ಟಾದ ಹಲ್ಲು, ಬುಡದಲ್ಲಿ ಒಸಡು ಸರಿದು ಹುಳುಕು. ಬೆರಳು ಹೆಚ್ಚು ತಿಕ್ಕುವ ಜಾಗದಲ್ಲಿ, ಕೆಳತುಟಿಯ ಒಳಗೆ, ಒಂದು ಬಿಳಿ ಮಚ್ಚೆ. ಹತ್ತು ವರ್ಷದಿಂದ ನನಗೆ ಒಂದು ದಿನವೂ ನೋವಾಗಿಲ್ಲವಲ್ಲ ಎಂದು ವಾದಿಸಿದೆ. ಹೊಗೆಸೊಪ್ಪು ನೋವನ್ನು ಮರೆಸುತ್ತದೆ, ಹುಳುಕನ್ನು ನಿಲ್ಲಿಸುವುದಿಲ್ಲ ಎಂದಳು. ನಾಲ್ಕು ಹಲ್ಲಿಗೆ ತುಂಬಬೇಕು, ಒಂದಕ್ಕೆ ರೂಟ್ ಕೆನಾಲ್ ಮಾಡಿ ಕ್ಯಾಪು ಹಾಕಬೇಕು, ಕೆಳಗಿನ ಒಂದು ದವಡೆ ಹಲ್ಲನ್ನು ಕೀಳಲೇಬೇಕು, ಅದಕ್ಕೂ ಮೊದಲು ಇಡೀ ಬಾಯಿ ಸ್ವಚ್ಛ ಮಾಡಬೇಕು. ಮಚ್ಚೆ ತಂಬಾಕು ಬಿಟ್ಟ ಎರಡು ವಾರಕ್ಕೆ ಕರಗಬೇಕು, ಕರಗದಿದ್ದರೆ ಚೂರು ತೆಗೆದು ಬಾಗಲಕೋಟೆಗೆ ಪರೀಕ್ಷೆಗೆ ಕಳಿಸಬೇಕು. ಫಲಕದ ಎಂಟು ಪ್ರಶ್ನೆಗಳಲ್ಲಿ ಐದು ನನ್ನ ಪಾಲಿಗೆ ಕಡ್ಡಾಯವಾದವು. ಹಲ್ಲು ಕಿತ್ತ ಜಾಗಕ್ಕೆ ಬ್ರಿಜ್ಜು ಕಟ್ಟಿದರೆ ಆರು.

ಪ್ರಮಾಣಪತ್ರದ ಮಾತು ನಾನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ.

ಮನೆಗೆ ಬಂದವಳೇ ಸಾವಂತ್ರವ್ವನನ್ನು ಕರೆದು ಡಬ್ಬಿ ಮುಂದಿಟ್ಟೆ. ಇದರಲ್ಲಿ ಏನೇನಿದೆ ಎಂದು ಕೇಳಿದೆ. ಆಕೆ ಪಾಠ ಒಪ್ಪಿಸುವ ಹಾಗೆ ಹೇಳಿದಳು. ಬಾದಾಮಿ ಸಿಪ್ಪೆ, ಲವಂಗ, ಉಪ್ಪು, ಮತ್ತೆ ಒಂದು ಮುಷ್ಟಿ ಹುರಿದ ತಂಬಾಕು. ಕೊನೆಯದನ್ನು ಲವಂಗದಷ್ಟೇ ಸಹಜವಾಗಿ ಹೇಳಿದಳು! ಹನ್ನೊಂದು ವರ್ಷದ ಹಿಂದೆ ನನಗೆ ಹಲ್ಲುನೋವು ಬಂದು ಎರಡು ದಿನ ಉಪವಾಸ ಬಿದ್ದಾಗ ಆಕೆ ಪುಡಿಗೆ ಒಂದು ಚಿಟಿಕೆ ಸೇರಿಸಿದ್ದಳಂತೆ. ನೋವು ಹೋಯಿತು. ಮುಂದಿನ ಡಬ್ಬಿಗೆ ಎರಡು ಚಿಟಿಕೆ. ಈ ಸಲದ ಪುಡಿ ಭಾಳ ಚಲೋ ಆಗೇದ ಎಂದು ನಾನೇ ಹೊಗಳಿದ್ದೆನಂತೆ. ಹೊಗಳಿದಷ್ಟೂ ಅಳತೆ ಏರಿ ಮುಷ್ಟಿಗೆ ಬಂದು ನಿಂತಿತ್ತು. ನಾನು ವಾಸನೆ ಹಿಡಿಯಬೇಕಿತ್ತು ನಿಜ. ಆದರೆ ಮೂವತ್ತನಾಲ್ಕು ವರ್ಷ ಪ್ರಯೋಗಾಲಯದ ಕೊಳೆತ ಮೊಟ್ಟೆಯಂತೆ ನಾರುವ ಅನಿಲ ಕುಡಿದ ಮೂಗು ನನಗಿಂತ ಮೊದಲೇ ನಿವೃತ್ತಿಯಾಗಿತ್ತು.

"ನನಗ ಯಾಕ ಹೇಳಲಿಲ್ಲ ನೀ?"

ಸಾವಂತ್ರವ್ವ ನಿಜಕ್ಕೂ ಆಶ್ಚರ್ಯಪಟ್ಟಳು. "ನಿಮಗ ಗೊತ್ತೈತಿ ಅನ್ಕೊಂಡಿದ್ನಿರಿ ಅಕ್ಕಾರ. ಊರಾಗ ಮಿಶ್ರಿ ಬಿಡ್ರಿ ಅಂತ ಭಾಷಣಾ ಮಾಡಿ ಬರ್ತಿದ್ರಿ, ಚಪ್ಪಲ್ ಬಿಡೂದ್ರಾಗ ಡಬ್ಬಿ ಎಲ್ಲಿ ಅಂತ ಕೇಳ್ತಿದ್ರಿ. ದೊಡ್ಡ ಮಂದಿ ಹಿಂಗ ಇರತಾರ ಅನ್ಕೊಂಡು ಸುಮ್ಮನಿದ್ದೆ."

ಲೋಟದಿಂದ ಹಲ್ಲು ತೆಗೆದು ಹಾಕಿಕೊಳ್ಳುತ್ತಿದ್ದ ಮನೆಯವರು ಅರ್ಧಕ್ಕೆ ನಿಂತರು. ಅವರಿಗೆ ಲೆಕ್ಕ ನನಗಿಂತ ಬೇಗ ಹೊಳೆಯುತ್ತದೆ. "ಹಂಗಾರ ಆ ನಲವತ್ತೆರಡು ಮಂದಿ?" ಎಂದರು.

ಕಾಲಕೆಳಗಿನ ನೆಲ ಸರಿಯಿತು ಎಂದು ಬರೆಯುವವರನ್ನು ನಾನು ಉತ್ಪ್ರೇಕ್ಷೆಗಾಗಿ ಬೈದಿದ್ದೇನೆ. ಅವರೆಲ್ಲರಲ್ಲಿ ಕ್ಷಮೆ ಕೇಳುತ್ತೇನೆ. ನಲವತ್ತೆರಡು ಹೆಂಗಸರು! ನಾಲ್ಕು ವರ್ಷ! ತಿಂಗಳಿಗೊಂದು ಡಬ್ಬಿ, ಪ್ರತಿ ಡಬ್ಬಿಯ ಮೇಲೆ ನನ್ನ ದುಂಡಗಿನ ಅಕ್ಷರದಲ್ಲಿ ಹೆಸರು, ಪದವಿ ಸಮೇತ. ಹಳ್ಳಿಯ ಹಂಚಿನ ಮೇಲೆ ಹುರಿಯುತ್ತಿದ್ದ ತಂಬಾಕನ್ನು ನಾನು ಡಾಕ್ಟರೇಟ್ ಮೊಹರು ಹಾಕಿ ಮನೆಬಾಗಿಲಿಗೆ ತಲುಪಿಸಿದ್ದೆ. ಒಬ್ಬಳಿಗೂ ತಲೆನೋವು ಬರಲಿಲ್ಲ ಏಕೆ ಎಂಬ ಪ್ರಶ್ನೆಗೆ ನನ್ನ ಪ್ರಬಂಧ ಹದಿನಾಲ್ಕು ಪುಟ ವ್ಯಯಿಸಿತ್ತು. ಉತ್ತರ ಒಂದು ಮುಷ್ಟಿ.

ಮನೆಯವರು ಎಂಜಿನಿಯರರಿಗೆ ತಕ್ಕ ಪರಿಹಾರ ಸೂಚಿಸಿದರು. ಸೋರುವ ಜಾಗವನ್ನು ಸದ್ದಿಲ್ಲದೆ ಮುಚ್ಚಬೇಕು. ಮುಂದಿನ ತಿಂಗಳಿಂದ ತಂಬಾಕಿಲ್ಲದ ಪುಡಿ ಕಳಿಸಿ, ಯಾರಿಗೂ ತಿಳಿಯುವುದಿಲ್ಲ. ಸಮಾವೇಶಕ್ಕೆ ಹೋಗಿ, ಶಾಲು ಹೊದ್ದು ಬನ್ನಿ. ಆ ಸಲಹೆ ನನಗೆ ಹಿಡಿಸಿತು. ಎರಡು ತಾಸು ಹಿಡಿಸಿತು. ಆಮೇಲೆ ಕನ್ನಡಿಯ ಮುಂದೆ ನಿಂತು ಕೆಳತುಟಿ ಮಡಚಿ ನೋಡಿಕೊಂಡೆ. ನನ್ನ ಮಚ್ಚೆಯನ್ನು ನೋಡಲು ನರ್ಗೀಸ ಇದ್ದಳು. ಅವರ ತುಟಿ ಮಡಚಿ ನೋಡುವವರು ಯಾರು? ಪುಡಿ ಬದಲಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ. ಬಾಯಿ ತೋರಿಸಿಕೊಳ್ಳಿ ಎಂದು ಅವರಿಗೆ ಹೇಳಲು ಕಾರಣ ಹೇಳಬೇಕು, ಕಾರಣ ಹೇಳಿದರೆ ಮರ್ಯಾದೆ ಹೋಗುತ್ತದೆ. ಎರಡೂ ಸಿಗುವ ಸಮೀಕರಣ ಬರೆಯಲು ಮೂರು ಹಾಳೆ ಹಾಳು ಮಾಡಿದೆ. ಸಮೀಕರಣ ಸರಿಹೊಂದಲಿಲ್ಲ. ಸಭೆಯಲ್ಲೇ ಹೇಳುವುದೆಂದು ನಿರ್ಧರಿಸಿ ನರ್ಗೀಸಳಿಗೆ ಫೋನು ಮಾಡಿದೆ. ಅಂದು ತಾನೂ ಹುನಗುಂದಕ್ಕೆ ಬಂದು ಎಲ್ಲರ ಬಾಯಿ ನೋಡುವುದಾಗಿ ಒಪ್ಪಿದಳು.

ಸಮಾವೇಶಕ್ಕೆ ನಾಲ್ಕು ದಿನ ಇರುವಾಗ ಡಬ್ಬಿ ಬಿಟ್ಟೆ. ಅದಕ್ಕೂ ಮೊದಲೇಕೆ ಬಿಡಲಿಲ್ಲ ಎಂದು ಕೇಳಬೇಡಿ. ನಾಳೆಯಿಂದ ಬಿಡುತ್ತೇನೆ ಎಂಬ ವಾಕ್ಯವನ್ನು ಹಳ್ಳಿಯ ಹೆಂಗಸರ ಬಾಯಲ್ಲಿ ಕೇಳಿ ನಗುತ್ತಿದ್ದವಳು ನಾನು, ಅದನ್ನು ಒಂದು ವಾರ ಪ್ರತಿದಿನ ಹೇಳಿದೆ! ಬಿಟ್ಟ ಮೊದಲ ದಿನ ತಲೆನೋವು. ಎರಡನೆಯ ದಿನ ಪತ್ರಿಕೆ ಹಿಡಿದ ಕೈ ನಡುಗಿ ಸಂಪಾದಕೀಯ ಓದಲಾಗಲಿಲ್ಲ. ಮೂರನೆಯ ದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ನಾನು ಸ್ಟೂಲು ಹತ್ತಿ ಅಡುಗೆಮನೆಯ ಅಟ್ಟದ ಮೇಲೆ ಕೈಯಾಡಿಸುತ್ತಿದ್ದೆ. ಸಾವಂತ್ರವ್ವ ಡಬ್ಬಿಯನ್ನು ಅಲ್ಲಿ ಅಡಗಿಸಿದ್ದಾಳೆಂದು ನನಗೆ ಗುಮಾನಿ.

"ಏನು ಹುಡುಕಾಕ ಹತ್ತೀರಿ, ಪ್ರಿನ್ಸಿಪಾಲರ?" ಹಿಂದಿನಿಂದ ಮನೆಯವರ ದನಿ.

"ಸ್ಯಾಂಪಲ್. ಲ್ಯಾಬಿಗೆ ಕಳಸಬೇಕು."

"ಅದಕ್ಕ ಬೆರಳು ಯಾಕ ತೊಯಿಸಿಕೊಂಡೀರಿ?"

ಸ್ಟೂಲಿನಿಂದ ಇಳಿದೆ. ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಇಷ್ಟರಲ್ಲಿ ಹನ್ನೊಂದು ವರ್ಷ ಮಲಗಿದ್ದ ನೋವುಗಳೆಲ್ಲ ಒಟ್ಟಿಗೆ ಎದ್ದವು. ಸಮಾವೇಶದ ಬೆಳಗ್ಗೆ ಕೆಳಗಿನ ದವಡೆ ಹಲ್ಲು ನಗಾರಿ ಬಾರಿಸತೊಡಗಿತು. ಸನ್ಮಾನಕ್ಕೆಂದು ಇಸ್ತ್ರಿ ಮಾಡಿಸಿದ ಇಳಕಲ್ ಸೀರೆಯಲ್ಲೇ ನರ್ಗೀಸಳ ಕುರ್ಚಿಯಲ್ಲಿ ಹೋಗಿ ಬಿದ್ದೆ. ಸೂಜಿ ಚುಚ್ಚಿದಳು. ಬಲಗಡೆಯ ತುಟಿ, ನಾಲಿಗೆಯ ಅಂಚು, ಗದ್ದ ಒಂದೊಂದಾಗಿ ನನ್ನಿಂದ ಬೇರೆಯಾದವು. ಹಲ್ಲು ಬಂತು. ಮೂವತ್ತರಲ್ಲಿ ಒಂದು ಕಳೆದರೆ ಇಪ್ಪತ್ತೊಂಬತ್ತು ಎಂಬ ಲೆಕ್ಕವನ್ನು ಮನೆಯವರು ಹೇಳಲಿಲ್ಲ. ಆ ಉಪಕಾರವನ್ನು ಇಲ್ಲಿ ದಾಖಲಿಸುತ್ತೇನೆ. ಮುಕ್ಕಾಲು ತಾಸು ಹತ್ತಿ ಕಚ್ಚಿಕೊಂಡು ಕುಳಿತು, ಅದನ್ನು ಉಗುಳಿ, ನರ್ಗೀಸಳ ಕಾರಿನಲ್ಲೇ ಮೂವರೂ ಹುನಗುಂದ ಸೇರಿದೆವು.

ಸಭಾಭವನದ ಬಾಗಿಲಿಗೆ ನನ್ನ ಆಳೆತ್ತರದ ಚಿತ್ರ ಕಟ್ಟಿದ್ದರು. ಕೆಳಗೆ "ಮಿಶ್ರಿ ಬಿಡಿಸಿದ ಮಹಾತಾಯಿ" ಎಂಬ ಬಿರುದು. ನೋಡಿ ಕಣ್ಣು ಕತ್ತಲಿಟ್ಟಿತು! ಸಂಘಟಕಿ ಪದ್ಮಶ್ರೀ ಪರಿಚಯ ಭಾಷಣದಲ್ಲಿ ನನ್ನ ಪ್ರಬಂಧದಿಂದ ಎರಡು ಪ್ಯಾರಾ ಓದಿದಳು. ಮೊದಲ ಮೂರು ಸಾಲಿನಲ್ಲಿ ನಲವತ್ತೆರಡು ಹೆಂಗಸರು ಒಂದೇ ಬಣ್ಣದ ಸೀರೆಯುಟ್ಟು ಕುಳಿತಿದ್ದರು. ಪ್ರತಿಜ್ಞೆಯ ಹಾಳೆ ನನ್ನ ಕೈಗೆ ಬಂತು. ಅದನ್ನು ಮಡಚಿ ಮೇಜಿನ ಮೇಲಿಟ್ಟೆ.

ಭಾಷಣ ಉದ್ದ ಮಾಡುವ ಸ್ಥಿತಿಯಲ್ಲಿ ನನ್ನ ತುಟಿ ಇರಲಿಲ್ಲ. ಆರೇಳು ವಾಕ್ಯ ಹೇಳಿದೆ. ನಾಲ್ಕು ವರ್ಷದಿಂದ ನಾನು ಕೊಟ್ಟ ಪುಡಿಯಲ್ಲಿ ತಂಬಾಕು ಇದೆ. ನನಗೆ ಗೊತ್ತಿರಲಿಲ್ಲ, ಆದರೆ ಗೊತ್ತಿರಬೇಕಿತ್ತು, ತಪ್ಪು ನನ್ನದೇ. ನಾನೂ ಹನ್ನೊಂದು ವರ್ಷ ಹಚ್ಚಿದ್ದೇನೆ. ನನ್ನ ತುಟಿಯಲ್ಲಿ ಮಚ್ಚೆ ಬಂದಿದೆ, ನಿಮ್ಮಲ್ಲೂ ಬಂದಿರಬಹುದು. ಡಾಕ್ಟರು ಹೊರಗಿನ ಕೋಣೆಯಲ್ಲಿದ್ದಾರೆ, ಒಬ್ಬರೂ ತೋರಿಸದೆ ಹೋಗಬೇಡಿ. ಶಾಲು ನನಗೆ ಬೇಡ. ಪ್ರತಿ ಮಾತಿಗೂ ಬಲಗಡೆಯಿಂದ ಜೊಲ್ಲು ಇಳಿಯುತ್ತಿತ್ತು, ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದೆ. ಅಳುತ್ತಿದ್ದೇನೆಂದು ಹಿಂದಿನ ಸಾಲಿನವರು ತಿಳಿದರಂತೆ. ಅಳುವ ಅಭ್ಯಾಸ ನನಗಿಲ್ಲ.

ಪದ್ಮಶ್ರೀ ಮೈಕಿಗೂ ನನಗೂ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಳು. ನಾನು ಕಲ್ಲು ಬೀಳುವುದನ್ನು ಕಾಯುತ್ತಿದ್ದೆ.

ಮೊದಲ ಸಾಲಿನಿಂದ ಚಂದವ್ವ ಎದ್ದಳು. ರಾಮಥಾಳದ ಕಡೆಯವಳು, ಐವತ್ತರ ಗಟ್ಟಿ ಹೆಂಗಸು, ಹಳ್ಳಿಗಳಲ್ಲಿ ನನ್ನ ಡಬ್ಬಿಗಳನ್ನು ಹಂಚುತ್ತಿದ್ದವಳೇ ಆಕೆ.

"ಅಕ್ಕಾರ, ಅದ್ರಾಗ ತಂಬಾಕು ಐತಿ ಅಂತ ನಮಗ ಹಚ್ಚಿದ ಮೊದಲನೇ ದಿನಾನ ಗೊತ್ತಾತ್ರಿ" ಎಂದಳು. "ನಿಮಗ ಗೊತ್ತಿಲ್ಲ ಅನ್ನೂದು ನಮಗ ಗೊತ್ತಿದ್ದಿಲ್ಲ."

ಆ ಹೊತ್ತಿನ ಆಘಾತಕ್ಕೆ ಹೋಲಿಸಿದರೆ ನರ್ಗೀಸಳ ಕ್ಯಾಮೆರಾ ಏನೂ ಅಲ್ಲ. ಉಳಿದ ನಲವತ್ತೊಂದು ತಲೆಗಳೂ ಹೌದೆಂದು ಆಡಿದವು! ಅವರ ಪ್ರಕಾರ ನಡೆದದ್ದು ಇಷ್ಟು. ಮಿಶ್ರಿ ಹಚ್ಚಿದರೆ ಮನೆಯಲ್ಲಿ ಮಕ್ಕಳು ಬೈಯುತ್ತಿದ್ದರು, ಸೊಸೆಯರು ಮೂಗು ಮುರಿಯುತ್ತಿದ್ದರು. ಆಗ ದೊಡ್ಡ ಕಾಲೇಜಿನ ಅಕ್ಕಾವರು ಬಂದು ಹೆಣ್ಣುಮಕ್ಕಳ ಕಷ್ಟ ಅರಿತು, ಯಾರೂ ಬಾಯಿ ತೆರೆಯದ ಹಾಗೆ ಮಿಶ್ರಿಗೆ ಔಷಧದ ಹೆಸರಿಟ್ಟು ಡಬ್ಬಿಯಲ್ಲಿ ಕೊಟ್ಟರು. ಇಂಥ ಜಾಣೆ ಈ ತಾಲೂಕಿನಲ್ಲಿ ಹುಟ್ಟಿಲ್ಲ ಎಂದು ಹಬ್ಬಕ್ಕೊಮ್ಮೆ ನನ್ನ ನೆನಪು ಮಾಡಿಕೊಳ್ಳುತ್ತಿದ್ದರಂತೆ. ನನ್ನ ಬಗ್ಗೆ ಅವರು ಇಟ್ಟುಕೊಂಡಿದ್ದ ಅಷ್ಟು ದೊಡ್ಡ ಗೌರವ, ನಾನು ಪ್ರಾಮಾಣಿಕಳು ಎಂದು ಗೊತ್ತಾದ ಕ್ಷಣದಲ್ಲಿ ಪುಸ್ಸೆಂದು ಇಳಿದದ್ದನ್ನು ಕಣ್ಣಾರೆ ಕಂಡೆ.

ಚಂದವ್ವ ಇನ್ನೂ ಕುಳಿತಿರಲಿಲ್ಲ. ತನ್ನ ಒಸಡು ಉರಿಯತೊಡಗಿದಾಗ ತಾನು ಬಿಟ್ಟೆ, ಎರಡು ವರ್ಷವಾಯಿತು, ಅಕ್ಕಾವರ ಮರ್ಯಾದೆ ಹೋದೀತೆಂದು ಯಾರಿಗೂ ಹೇಳಲಿಲ್ಲ ಎಂದಳು. ತಾನು ಹಚ್ಚದೆ ಉಳಿದವರಿಗೆ ಹಂಚಿದ್ದು ತನ್ನ ತಪ್ಪೂ ಹೌದು ಎಂದಳು. ನನ್ನ ಮರ್ಯಾದೆಯನ್ನು ಎರಡು ವರ್ಷ ಕಾಯ್ದವಳು, ಅದೇ ಮರ್ಯಾದೆಗಾಗಿ ನಾನು ಎರಡು ತಾಸಿನ ಮಟ್ಟಿಗೆ ಸುಳ್ಳಿಗೂ ಸಿದ್ಧಳಾಗಿದ್ದೆ ಎಂಬುದನ್ನು ಅರಿಯಳು. ನಂತರ ನೇರವಾಗಿ ಕೇಳಿದಳು:

"ನೀವು ಬಿಟ್ಟು ಎಷ್ಟು ದಿನ ಆತ್ರಿ ಅಕ್ಕಾರ?"

ನಾಲ್ಕು ಎಂದು ಬೆರಳು ತೋರಿಸಿದೆ. ಸಭೆಯಲ್ಲಿ ಅಯ್ಯೋ ಎಂಬ ಕನಿಕರದ ಗುಜುಗುಜು ಎದ್ದಿತು. ಚಂದವ್ವ ವೇದಿಕೆ ಹತ್ತಿ, ಮೇಜಿನ ಮೇಲಿದ್ದ ಹಾಳೆಯನ್ನು ಬಿಡಿಸಿ, ನನ್ನ ಬಲಗೈಯನ್ನು ತಾನೇ ಮುಂದಕ್ಕೆ ಚಾಚಿಸಿದಳು. ಎರಡು ವರ್ಷ ಬಿಟ್ಟವಳು ಹೇಳಿಕೊಟ್ಟಳು, ನಾಲ್ಕು ದಿನ ಬಿಟ್ಟವಳು ಒಪ್ಪಿಸಿದೆ. ಕೆಳಗೆ ನಲವತ್ತೊಂದು ಕೈಗಳು ನಿಧಾನವಾಗಿ ಮೇಲೆದ್ದವು. ಎಲ್ಲರೂ ಸಾಲಾಗಿ ಹೊರಗಿನ ಕೋಣೆಗೆ ಹೋಗಿ ನರ್ಗೀಸಳ ಮುಂದೆ ಬಾಯಿ ತೆರೆದರು. ಒಂಬತ್ತು ಜನರಿಗೆ ಮಚ್ಚೆ ಸಿಕ್ಕಿತು, ಹೆಚ್ಚುಕಡಿಮೆ ಎಲ್ಲರಿಗೂ ಹುಳುಕು. ಫಲಕದ ಎಂಟೂ ಪ್ರಶ್ನೆಗಳಿಗೆ ಅಭ್ಯರ್ಥಿಗಳು ಸಿಕ್ಕರು, ತಂತಿಯೊಂದನ್ನು ಬಿಟ್ಟು.

ಸಾಲು ಕರಗುವ ಮುಂಚೆ ಚಂದವ್ವ ನನ್ನ ಪಕ್ಕದಲ್ಲಿ ಕುಳಿತು, ಹೊಸದಾಗಿ ಬಿಟ್ಟವರಿಗೆ ಹೇಳುವ ಬುದ್ಧಿಮಾತನ್ನು ನನಗೆ ಹೇಳಿದಳು. ಲವಂಗ ಬಾಯಲ್ಲಿಟ್ಟುಕೊಳ್ಳಿ, ನೀರು ಕುಡಿಯಿರಿ, ಕೈಗೆ ಕೆಲಸ ಕೊಡಿ. ಹದಿನೈದು ದಿನ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ, ಕಂಡವರನ್ನೆಲ್ಲ ಬೈಯಬೇಕೆನಿಸುತ್ತದೆ, ಎಲ್ಲರ ತಪ್ಪೂ ಎದ್ದು ಕಾಣುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ. ಇಷ್ಟು ಹೇಳಿ ಆಕೆ ನಮ್ಮ ಮನೆಯವರ ಕಡೆ ತಿರುಗಿದಳು.

"ಅಣ್ಣಾರ, ಹದಿನೈದು ದಿನ ನೀವು ಸ್ವಲ್ಪ ತಡಕೋಬೇಕ್ರಿ."

ಮನೆಯವರು ಎದ್ದು ನಿಂತು ಕೈಮುಗಿದರು. "ನಲವತ್ತಾರು ವರ್ಷ ಆತು ತಂಗಿ. ಹದಿನೈದು ದಿನಕ್ಕ ಮುಗಿತೈತಿ ಅಂದ್ರ, ಆ ಶಾಲು ನನಗ ಹೊಚ್ಚರಿ."

ಸಾಲಿನಲ್ಲಿದ್ದವರೆಲ್ಲ ಬಾಯಿ ತೆರೆದೇ ನಕ್ಕರು. ನರ್ಗೀಸಳಿಗೆ ಪರೀಕ್ಷೆ ಸುಲಭವಾಯಿತು. ಮನೆಯವರಿಗೆ ತಕ್ಕ ಉತ್ತರ ಕೊಡಲು ನನ್ನ ಬಾಯಿ ಒದಗಲಿಲ್ಲ. ಅರ್ಧ ತುಟಿ ಇನ್ನೂ ಸತ್ತೇ ಇತ್ತು. ಉಳಿದರ್ಧ, ಹೇಳಿಕೊಳ್ಳಲು ನಾಚಿಕೆ, ನಗುತ್ತಿತ್ತು.